ಪಲೇಡಿಯಂ ಪ್ರಿಂಟ್ ಹಳದಿಯಾಗುತ್ತಿದೆ, ಕಪ್ಪು ಬಣ್ಣ ಗಟ್ಟಿಯಾಗಿ ಬರುತ್ತಿಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ಒಂದು ವರ್ಷದಿಂದ ಸಯಾನೋಟೈಪ್, ಅಂದರೆ ಕಬ್ಬಿಣದ ಲವಣದಿಂದ ನೀಲಿ ಫೋಟೊ ಪ್ರಿಂಟ್, ಮಾಡುತ್ತಿದ್ದೇನೆ. ಈಗ ಆ ಲೋಹಗಳಲ್ಲೇ ಚಿತ್ರ ಮೂಡಿಸುವ ಪ್ಲಾಟಿನಂ-ಪಲೇಡಿಯಂ ಪ್ರಿಂಟ್ ಕಲಿಯಬೇಕು ಅಂತ ಆಸೆಯಾಗಿ ರಾಸಾಯನಿಕಗಳನ್ನು ತರಿಸಿಕೊಂಡೆ. ಮನೆಯಲ್ಲಿದ್ದ ಜಲವರ್ಣದ ಕಾಗದದ ಮೇಲೆ ಎರಡೂ ಲೋಹ ಬೆರೆಸಿ ನಾಲ್ಕು ಪ್ರಿಂಟ್ ಮಾಡಿದೆ. ಬೆಳಕಿನ ಭಾಗಗಳೆಲ್ಲ ಹಳದಿ. ಕಪ್ಪಿನ ಭಾಗ ಬೂದು ಬೂದಾಗಿ, ಮರಳು ಉದುರಿಸಿದ ಹಾಗೆ ಕಾಣುತ್ತಿದೆ. ಇಷ್ಟು ದುಬಾರಿ ವಸ್ತು ಹಾಳಾಗುತ್ತಿದೆಯಲ್ಲ ಅಂತ ಸಂಕಟ. ಎಲ್ಲಿ ತಪ್ಪಿದೆ?

ಉತ್ತರ: ನಮಸ್ಕಾರ. ಸದ್ಯಕ್ಕೆ ಪ್ಲಾಟಿನಂ ಬಾಟಲಿಯನ್ನು ಮುಚ್ಚಿಟ್ಟುಬಿಡಿ. ಬರೀ ಪಲೇಡಿಯಂನಲ್ಲಿ ಕಲಿಯಿರಿ. ಅದು ಕಾಗದದ ಜೊತೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಪ್ಲಾಟಿನಂ ಹಾಗಲ್ಲ, ಕಾಗದದ ಸಣ್ಣ ದೋಷವನ್ನೂ ಮರಳು ಮರಳಾಗಿ ತೋರಿಸಿಬಿಡುತ್ತದೆ.

ನನಗೆ ಮೊದಲ ಅನುಮಾನ ಕಾಗದದ ಮೇಲೆ. ಜಲವರ್ಣದ ಎಷ್ಟೋ ಕಾಗದಗಳಲ್ಲಿ, ಬಹುಕಾಲ ಬಾಳಲಿ ಅಂತ, ಸೀಮೆಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿರುತ್ತಾರೆ. ನಮ್ಮ ಕೆಲಸಕ್ಕೆ ಅದೇ ಶತ್ರು. ಯಾಕೆ ಅಂತ ಹೇಳುತ್ತೇನೆ. ಇಲ್ಲಿ ಬೆಳಕು ತಿಳಿಯುವುದು ಪಲೇಡಿಯಂಗಲ್ಲ, ಅದರ ಜೊತೆ ಬೆರೆಸುವ ಕಬ್ಬಿಣದ ಲವಣಕ್ಕೆ. ಯುವಿ ಬೆಳಕು ಬಿದ್ದಲ್ಲಿ ಫೆರಿಕ್ ಆಕ್ಸಲೇಟ್ ಎಂಬ ಆ ಲವಣ ಫೆರಸ್ ರೂಪಕ್ಕೆ ಬದಲಾಗುತ್ತದೆ. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ಸುರಿದಾಗ ಆ ಫೆರಸ್ ಕಬ್ಬಿಣ ಪಲೇಡಿಯಂ ಲವಣವನ್ನು ಶುದ್ಧ ಲೋಹವಾಗಿ ಕಾಗದದ ನಾರಿನೊಳಗೆ ಕೂರಿಸುತ್ತದೆ. ಅಲ್ಲಿಗೆ ಕಬ್ಬಿಣದ ಕೆಲಸ ಮುಗಿಯಿತು, ಅದು ಪೂರ್ತಿ ಹೊರಗೆ ಹೋಗಬೇಕು. ಆದರೆ ಕಾಗದ ಕ್ಷಾರೀಯವಾಗಿದ್ದರೆ ಕಬ್ಬಿಣ ನಾರಿಗೆ ಅಂಟಿಕೊಂಡು ಕೂರುತ್ತದೆ. ನಿಮಗೆ ಕಾಣುವ ಹಳದಿ ಬಹುಶಃ ಅದೇ. ಸಯಾನೋಟೈಪೂ ಕಬ್ಬಿಣದ ಕೆಲಸವೇ, ಅದಕ್ಕೂ ಇಂಥ ಕಾಗದ ಒಳ್ಳೆಯದಲ್ಲ. ಹಾಗಾಗಿ ಕಾಗದದ ವಿಷಯದಲ್ಲಿ ಈಗ ಕಲಿಯುವುದು ಅಲ್ಲೂ ಉಪಯೋಗಕ್ಕೆ ಬರುತ್ತದೆ.

ಆ ಕಾಗದದ ಒಂದು ಚೂರಿನ ಮೇಲೆ ಆಮ್ಲದ ಹನಿ ಹಾಕಿ ನೋಡಿ. ಗುಳ್ಳೆ ಎದ್ದರೆ ಸುಣ್ಣ ಇದೆ ಅಂತಲೇ ಅರ್ಥ. ಅಂಥ ಕಾಗದವನ್ನು ಆಕ್ಸಾಲಿಕ್ ಆಮ್ಲದಲ್ಲಿ ನೆನೆಸಿ, ತೊಳೆದು, ಒಣಗಿಸಿ ಬಳಸಬಹುದು. ಆದರೆ ಕಲಿಯುವಾಗ ಆ ತಾಪತ್ರಯ ಬೇಡ. ಈ ಕೆಲಸಕ್ಕೆಂದೇ ಮಾಡಿದ ನೂರಕ್ಕೆ ನೂರು ಹತ್ತಿಯ ಕಾಗದ ಸಿಗುತ್ತದೆ: ಆರ್ಶ್ ಪ್ಲಾಟೀನ್, ಹಾನೆಮ್ಯೂಲೆ ಪ್ಲಾಟಿನಂ ರ‍್ಯಾಗ್. ಒಂದನ್ನೇ ಹಿಡಿದು ಮೂರು ತಿಂಗಳು ಅದರಲ್ಲೇ ಕೆಲಸ ಮಾಡಿ.

ಇನ್ನು ಆ ಮರಳು. ಅದಕ್ಕೆ ಬಹಳ ಸಲ ಕಾರಣ ತೇವ. ಕಾಗದ ಒಣಗಿ ಗರಿಗರಿಯಾಗಿದ್ದರೆ ದ್ರಾವಣ ನಾರಿನೊಳಗೆ ಸಮನಾಗಿ ಇಳಿಯುವುದಿಲ್ಲ. ಕೋಣೆಯ ತೇವಾಂಶ ಶೇಕಡಾ 50ರಿಂದ 60ರ ಸುಮಾರಿಗೆ ಇರಲಿ. ಒಂದು ಅಳತೆಯ ಮೀಟರ್ ಇಟ್ಟುಕೊಳ್ಳಿ, ಊಹೆ ಬೇಡ. 4×5 ಇಂಚಿನ ಚಿತ್ರಕ್ಕೆ 6 ಹನಿ ಫೆರಿಕ್ ಆಕ್ಸಲೇಟ್, 6 ಹನಿ ಪಲೇಡಿಯಂ ಸಾಕು. ಬ್ರಷ್ಷಿನ ಕಟ್ಟು ಲೋಹದ್ದಾಗಿರಬಾರದು. ಬಟ್ಟಿ ಇಳಿಸಿದ ನೀರಲ್ಲಿ ಅದನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಹಗುರವಾಗಿ ಎಳೆಯಿರಿ. ಹೊಳಪು ಇಳಿಯಲು ಶುರುವಾದ ಕೂಡಲೇ ಕೈ ತೆಗೆಯಬೇಕು. ಆಮೇಲೂ ಉಜ್ಜುತ್ತಾ ಹೋದರೆ ಮೇಲ್ಮೈ ಎದ್ದುಬಿಡುತ್ತದೆ. ಈ ಕೈಹದ ಬರಲು ಹತ್ತಿಪ್ಪತ್ತು ಹಾಳೆ ಬೇಕು. ಸಯಾನೋಟೈಪ್ ದ್ರಾವಣದಲ್ಲೇ ಅಭ್ಯಾಸ ಮಾಡಿ, ದುಬಾರಿ ಪಲೇಡಿಯಂ ಖರ್ಚಾಗದೆ ಉಳಿಯುತ್ತದೆ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಆದರೆ ಹಳದಿಗೆ ಕಾಗದವೇ ಕಾರಣವೋ, ಹಳೆಯ ಫೆರಿಕ್ ಆಕ್ಸಲೇಟ್ ಕಾರಣವೋ ಅಂತ ಗೊತ್ತಾಗುವುದು ಹೇಗೆ? ನನ್ನ ಬಾಟಲಿಗೆ ಒಂದು ವರ್ಷ ಆಗಿದೆ. ಡೆವಲಪ್ ಆದ ಮೇಲೆ ನಲ್ಲಿ ನೀರಲ್ಲಿ ತೊಳೆದು, ಆಮೇಲೆ ಕ್ಲಿಯರಿಂಗ್‌ಗೆ, ಅಂದರೆ ಉಳಿದ ಕಬ್ಬಿಣ ತೆಗೆಯುವ ದ್ರಾವಣಕ್ಕೆ, ಹಾಕುತ್ತಿದ್ದೆ.

ಉತ್ತರ: ಒಳ್ಳೆಯ ಪ್ರಶ್ನೆ. ಒಂದು ಪಟ್ಟಿಗೆ ದ್ರಾವಣ ಬಳಿದು, ಕತ್ತಲಲ್ಲಿ ಒಣಗಿಸಿ, ಬೆಳಕು ತೋರಿಸದೆ ಹಾಗೇ ಡೆವಲಪ್ ಮಾಡಿ. ಬೂದು ಬಣ್ಣ ಬಂದರೆ ಫೆರಿಕ್ ಆಕ್ಸಲೇಟ್ ಕೆಟ್ಟಿದೆ. ಹೊಸದು ಕಲಸಿಕೊಳ್ಳಿ. ಬರೀ ತಿಳಿ ಹಳದಿ ಇದ್ದು, ಮತ್ತೊಮ್ಮೆ ಕ್ಲಿಯರ್ ಮಾಡಿದಾಗ ಕಡಿಮೆಯಾದರೆ ಅದು ಉಳಿದುಹೋದ ಕಬ್ಬಿಣ.

ನಲ್ಲಿ ನೀರಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮೊದಲು ಅದನ್ನು ಬಿಡಿ. ಗಡಸು ನೀರು ಕ್ಷಾರೀಯ. ಅದರಲ್ಲಿ ಅದ್ದಿದ ಕ್ಷಣವೇ ಕಬ್ಬಿಣ ಕಾಗದದಲ್ಲಿ ಕೂತುಬಿಡುತ್ತದೆ. ಡೆವಲಪರಿನಿಂದ ನೇರವಾಗಿ ಶೇಕಡಾ 2ರ ಸಿಟ್ರಿಕ್ ಆಮ್ಲಕ್ಕೆ ಹಾಕಿ. ಐದು ನಿಮಿಷ. ಆಮೇಲೆ ಲೀಟರಿಗೆ 30 ಗ್ರಾಂ ಟೆಟ್ರಾಸೋಡಿಯಂ ಇಡಿಟಿಎ, 30 ಗ್ರಾಂ ಸೋಡಿಯಂ ಸಲ್ಫೈಟ್ ಇರುವ ಕ್ಲಿಯರಿಂಗ್ ಟ್ರೇ, ಅಂಥದ್ದು ಎರಡು. ಕೊನೆಗೆ ಹರಿಯುವ ನೀರಲ್ಲಿ ಅರ್ಧ ಗಂಟೆ.

ಪೊಟ್ಯಾಸಿಯಂ ಆಕ್ಸಲೇಟ್ ಡೆವಲಪರನ್ನು ಮಾತ್ರ ಚೆಲ್ಲಬೇಡಿ. ಸೋಸಿ, ಕಡಿಮೆಯಾದಷ್ಟು ಹೊಸದು ಸೇರಿಸುತ್ತಾ ವರ್ಷಗಟ್ಟಲೆ ಬಳಸಬಹುದು. ಪ್ರಿಂಟ್ ಮೇಲೆ ಒಂದೇ ಸಲ, ತಡೆಯಿಲ್ಲದೆ ಸುರಿಯಿರಿ. ನಡುವೆ ಕೈ ನಿಂತರೆ ಅಲ್ಲೊಂದು ಗೆರೆ ಉಳಿದುಹೋಗುತ್ತದೆ. ಚಿತ್ರ ಕಣ್ಣೆದುರೇ ಒಂದೇ ಸಲಕ್ಕೆ ಮೂಡುತ್ತದೆ. ಇಷ್ಟು ವರ್ಷ ಮಾಡಿದರೂ ಆ ಕ್ಷಣಕ್ಕೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಇದರ ಜೊತೆ ಒಂದು ಎಚ್ಚರಿಕೆ. ಆಕ್ಸಲೇಟ್ ವಿಷ. ಪ್ಲಾಟಿನಂ ಲವಣ ಕೆಲವರಿಗೆ ಅಲರ್ಜಿ, ಉಬ್ಬಸ ತರಿಸುತ್ತದೆ. ಕೈಗವಸು ಯಾವಾಗಲೂ ಇರಲಿ, ಪುಡಿ ತೂಗುವಾಗ ಮಾಸ್ಕೂ ಬೇಕು. ಅಡುಗೆಯ ಪಾತ್ರೆ ಮುಟ್ಟಲೇಬೇಡಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ಬೆಳಕಿನಲ್ಲಿ ಎಷ್ಟು ಹೊತ್ತು ಇಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಒಬ್ಬೊಬ್ಬರ ದೀಪ, ಕಾಗದ, ಫಿಲ್ಮ್ ಬೇರೆ ಬೇರೆ, ಅದಕ್ಕೇ ಉತ್ತರವೂ ಬೇರೆ. ನಿಮ್ಮದನ್ನು ನೀವೇ ಕಂಡುಹಿಡಿಯಿರಿ. ನೆಗೆಟಿವ್ ಮುದ್ರಿಸುವ ಪಾರದರ್ಶಕ ಹಾಳೆಯ ಖಾಲಿ ತುಂಡನ್ನು, 21 ಮೆಟ್ಟಿಲಿನ ಸ್ಟೆಪ್ ಟ್ಯಾಬ್ಲೆಟನ್ನು (ಹಂತಹಂತವಾಗಿ ಗಾಢವಾಗುತ್ತಾ ಹೋಗುವ ಫಿಲ್ಮ್ ಪಟ್ಟಿ) ಪಕ್ಕಪಕ್ಕ ಇಟ್ಟು 2, 4, 8 ನಿಮಿಷ ಕೊಟ್ಟು ನೋಡಿ. ಖಾಲಿ ಹಾಳೆಯ ಕೆಳಗಿನ ಕಪ್ಪು ಇನ್ನು ಗಾಢವಾಗದ ಮಟ್ಟ ಮುಟ್ಟಲು ಬೇಕಾದ ಅತಿ ಕಡಿಮೆ ಹೊತ್ತೇ ನಿಮ್ಮ ಮೂಲ ಸಮಯ. ಪ್ರಿಂಟ್ ಪೂರ್ತಿ ಒಣಗಿದ ಮೇಲೆ ನೋಡಿ ನಿರ್ಧರಿಸಿ, ಒದ್ದೆಯಾಗಿದ್ದಾಗ ಕಣ್ಣು ಮೋಸ ಹೋಗುತ್ತದೆ.

ಆ ಸಮಯ ಸಿಕ್ಕ ಮೇಲೆ ಅದನ್ನು ಬದಲಿಸಬೇಡಿ. ಚಿತ್ರ ಸಪ್ಪೆ ಅನ್ನಿಸಿದರೆ ನೆಗೆಟಿವನ್ನು ತಿದ್ದಿ. ಪಲೇಡಿಯಂ ಮೃದು, ಅದಕ್ಕೆ ಜಾಸ್ತಿ ಕಾಂಟ್ರಾಸ್ಟ್ ಇರುವ ನೆಗೆಟಿವ್ ಬೇಕು. ಇದು ನೆಗೆಟಿವನ್ನು ಕಾಗದಕ್ಕೇ ಒತ್ತಿಟ್ಟು ಮಾಡುವ ಕಾಂಟ್ಯಾಕ್ಟ್ ಪ್ರಿಂಟ್ ಆದ್ದರಿಂದ ಚಿತ್ರ ಎಷ್ಟು ದೊಡ್ಡದೋ ನೆಗೆಟಿವೂ ಅಷ್ಟೇ ದೊಡ್ಡದಿರಬೇಕು.

ಪ್ರಶ್ನೆ: ಕೊನೆಯದಾಗಿ ಮೇಡಂ, ಬರೀ ಪಲೇಡಿಯಂ ಅಂದರೆ ಎರಡನೇ ದರ್ಜೆಯ ಪ್ರಿಂಟ್ ಅಲ್ವಾ?

ಉತ್ತರ: ಖಂಡಿತ ಅಲ್ಲ. ವಿಲಿಯಂ ವಿಲ್ಲಿಸ್ ಪ್ಲಾಟಿನಂ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1873ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಪ್ಲಾಟಿನಂ ಕೈಗೆ ಸಿಗದಂತಾದಾಗ ಅದರ ಜಾಗಕ್ಕೆ ಪಲೇಡಿಯಂ ಬಂತು, ನಿಜ. ಆದರೆ ಅದರ ಬೆಚ್ಚನೆಯ ಕಂದು, ನೆರಳಿನೊಳಗಿನ ಆಳ ಅದರದ್ದೇ. ಬಾಳಿಕೆಯಲ್ಲೂ ಕಡಿಮೆಯಿಲ್ಲ. ಎರಡರಲ್ಲೂ ಚಿತ್ರ ಜೆಲಟಿನ್ ಪದರದ ಮೇಲೆ ನಿಂತಿಲ್ಲ, ನಾರಿನೊಳಗೇ ಲೋಹವಾಗಿ ಕೂತಿದೆ. ನಿಮಗೆ ತಣ್ಣನೆಯ ಬೂದು ಬೇಕು ಅನ್ನಿಸಿದ ದಿನ ಪ್ಲಾಟಿನಂ ಬಾಟಲಿ ತೆರೆಯಿರಿ. ಅಷ್ಟರೊಳಗೆ ಹೊಸ ಕಾಗದದಲ್ಲಿ ಮಾಡಿದ ಮೊದಲ ಪ್ರಿಂಟನ್ನೂ, ಬೆಳಕು ತೋರಿಸದ ಆ ಪಟ್ಟಿಯನ್ನೂ ಇಲ್ಲಿ ಹಾಕಿ, ನೋಡೋಣ.