ಹರಾಜು ಮುಗಿಯುವ ಮೊದಲೇ "ನನಗೇ ಕೊಡಿ" ಅನ್ನುವವರಿಗೆ ಏನು ಹೇಳುತ್ತೀರಿ?

ಸೊಪ್ಪಿನಬೆಟ್ಟ (ಶಿರಸಿ):
ಮನೆಯಲ್ಲಿ ಹಳೆಯ ಎಚ್‌ಎಂಟಿ ವಾಚುಗಳು ಒಂದಷ್ಟು ಇದ್ದವು. ಅದರಲ್ಲಿ ಕಪ್ಪು ಡಯಲ್ಲಿನ ಪೈಲಟ್ ಮಾಡೆಲ್ ಒಂದನ್ನು ಈಬೇ ಅನ್ನುವ ಆನ್‌ಲೈನ್ ಮಾರಾಟದ ತಾಣದಲ್ಲಿ ಹರಾಜಿಗೆ ಹಾಕಿದ್ದೇನೆ. ಕೀ ಕೊಟ್ಟರೆ ಈಗಲೂ ಓಡುತ್ತದೆ, ಗಾಜಿಗೆ ಮಾತ್ರ ಗೀರು. ಸದ್ಯ 38 ಡಾಲರಿಗೆ ನಿಂತಿದೆ, ಇನ್ನೂ ಮೂರು ದಿನ ಇದೆ. ಅಷ್ಟರಲ್ಲಿ ಹೊರದೇಶದವನೊಬ್ಬ ಮೆಸೇಜ್ ಮಾಡಿದ್ದಾನೆ, ಹರಾಜು ನಿಲ್ಲಿಸಿ 60 ಡಾಲರ್ ಕೊಡುತ್ತೇನೆ, ದುಡ್ಡು ನೇರ ನಿಮ್ಮ ಬ್ಯಾಂಕಿಗೇ ಹಾಕುತ್ತೇನೆ, ನಿಮಗೆ ಈಬೇ ಫೀಯೂ ಉಳಿಯಿತಲ್ಲ ಅಂತ. ಬೆಂಗಳೂರಿನ ಇನ್ನೊಬ್ಬರು ಫೋನ್ ನಂಬರ್ ಕೇಳುತ್ತಿದ್ದಾರೆ, ಯುಪಿಐ ಮಾಡುತ್ತಾರಂತೆ. ಮನೆಯಲ್ಲಿ "ಬಂದ ಗಿರಾಕಿ ಬಿಡಬೇಡ" ಅನ್ನುತ್ತಾರೆ. ನೀವಾದರೆ ಏನು ಮಾಡುತ್ತೀರಿ?

ಚಾಲಿ_ರಾಶಿ:
ಶಿರಸಿಯವರಿಗೆ ಇದನ್ನು ಹೇಳಿಕೊಡಬೇಕಾ ಮಾರಾಯ್ರೆ! ಟಿಎಸ್‌ಎಸ್ ಸಹಕಾರಿ ಸಂಘದ ಯಾರ್ಡಿನಲ್ಲಿ ಅಡಿಕೆ ಸುರಿದು ಟೆಂಡರಿಗೆ ಕಾಯುತ್ತಿರುವಾಗ ಒಬ್ಬ ವ್ಯಾಪಾರಿ ಪಕ್ಕಕ್ಕೆ ಕರೆದು "ಟೆಂಡರ್ ಯಾಕೆ, ನಾನೇ ಒಳ್ಳೆ ರೇಟ್ ಕೊಡ್ತೆ" ಅಂದರೆ ನಿಮಗೆ ಮೊದಲು ಬರುವುದು ಅನುಮಾನ ತಾನೇ? ಇದೂ ಅದೇ.

ಆ 38 ಡಾಲರ್ ನೋಡಿ ಹೆದರಬೇಡಿ. ಈಬೇಯಲ್ಲಿ ಬಿಡ್ ಹಾಕುವವರು ತಮ್ಮ ಗರಿಷ್ಠ ಮೊತ್ತ ಬರೆದಿಡುತ್ತಾರೆ, ಹೊರಗೆ ಕಾಣುವುದು ಎರಡನೆಯವನ ಮೊತ್ತಕ್ಕಿಂತ ಒಂದು ಮೆಟ್ಟಿಲು ಮೇಲಿನ ಬೆಲೆ. ಮುಂದಿರುವವನು ಗರಿಷ್ಠ ಎಷ್ಟು ಬರೆದಿಟ್ಟಿದ್ದಾನೆ ಅನ್ನುವುದು ಅವನಿಗೆ ಬಿಟ್ಟರೆ ಯಾರಿಗೂ ಕಾಣುವುದಿಲ್ಲ, 90 ಬರೆದಿಟ್ಟಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಮೇಲಾಗಿ ಜಾಸ್ತಿ ಜನ ಕೊನೆಯ ನಿಮಿಷದಲ್ಲೇ ಬಿಡ್ ಹಾಕುವುದು. 60 ಅನ್ನುವವನಿಗೆ ಇದೆಲ್ಲ ಗೊತ್ತು.

ಕಾಳಿದಂಡೆ (ಕಾರವಾರ):
ಕೇಳಿದವರೆಲ್ಲ ಕಳ್ಳರು ಅಂತ ನಾನು ಒಪ್ಪುವುದಿಲ್ಲ. ಕೊನೆಯ ಸೆಕೆಂಡಿನಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡು ಬಿಡ್ ಹಾಕುವವರಿಂದ ಸೋತು ಸೋತು ಬೇಜಾರಾದ ಸಂಗ್ರಾಹಕರೂ ಹೀಗೆ ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಹೊರಗೆ ಕರೆಯುವುದು ತಪ್ಪು. ಈಬೇಯಲ್ಲಿ ಪರಿಚಯವಾಗಿ ಈಬೇ ಹೊರಗೆ ವ್ಯಾಪಾರ ಮಾಡುವುದಕ್ಕೆ ಅವರ ನಿಯಮದಲ್ಲೇ ನಿಷೇಧ ಇದೆ. ಮಾರಾಟಕ್ಕೆ ಮೊದಲು ಫೋನ್ ನಂಬರ್, ಇಮೇಲ್ ಕೊಟ್ಟುಕೊಳ್ಳುವುದಕ್ಕೂ ಇಲ್ಲ. ಖಾತೆ ಹೋದರೆ ಫೀ ಉಳಿದು ಏನು ಪ್ರಯೋಜನ?

ಬೆಂಗಳೂರಿನವರ ವಿಷಯ ಸ್ವಲ್ಪ ನೋಡಿಕೊಳ್ಳಿ. ದುಡ್ಡು ಬರಲು ಪಿನ್ ಒತ್ತಿ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂದರೆ ಅಲ್ಲೇ ಬಿಟ್ಟುಬಿಡಿ. ಯುಪಿಐ ಪಿನ್ ಬೇಕಾಗುವುದು ಕೊಡುವವನಿಗೆ, ತೆಗೆದುಕೊಳ್ಳುವವನಿಗೆ ಅಲ್ಲ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕುಮಟಾ_ಕೀಲಿವಾಚು:
ಪೈಲಟ್ ಅಂದಿರಲ್ಲ, ಹಾಗಾದರೆ ಬೇರೆ ಕಾರಣವೂ ಇರಬಹುದು. ಪೈಲಟ್ ಹೆಸರಿನಲ್ಲಿ ಹೊಸ ಬಣ್ಣ ಬಳಿದ ಡಯಲ್, ಬೇರೆ ಬೇರೆ ವಾಚಿನ ಬಿಡಿಭಾಗ ಸೇರಿಸಿದ ಮಾಲು ಮಾರ್ಕೆಟ್ ತುಂಬಾ ಇದೆ. ನಿಮ್ಮದು ಮನೆಯಲ್ಲೇ ಉಳಿದ ಅಸಲಿ ಡಯಲ್ ಅಂತ ಆ 60 ಡಾಲರಿನವನ ಕಣ್ಣಿಗೆ ಕಂಡಿದೆ ಅನ್ನಿಸುತ್ತದೆ. ಹಿಂದಿನ ಮುಚ್ಚಳ ತೆಗೆಸಿ, ಒಳಗಿನ ಮಷಿನ್ನು, ಮುಚ್ಚಳದ ಎರಡೂ ಕಡೆ, ಡಯಲ್ ಹತ್ತಿರದಿಂದ, ಇಷ್ಟು ಫೋಟೋ ಹಾಕಿ. ಅವನಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಾದ ಮೇಲೆ ಅವನೂ ಬಿಡ್ ಹಾಕಲೇಬೇಕು.

ನಾನು ಎಲ್ಲರಿಗೂ ಒಂದೇ ಉತ್ತರ ಕಳಿಸುತ್ತೇನೆ: "ಆಸಕ್ತಿಗೆ ಧನ್ಯವಾದ. ಈಗಾಗಲೇ ಬಿಡ್ ಬಂದಿರುವುದರಿಂದ ಹರಾಜು ಕೊನೆವರೆಗೂ ನಡೆಯುತ್ತದೆ. ನಿಮ್ಮ ಗರಿಷ್ಠ ಮೊತ್ತವನ್ನು ಅಲ್ಲೇ ಹಾಕಿ." ಅಷ್ಟೇ. ಬೆಲೆ ಚರ್ಚೆಗೆ ಇಳಿಯಬೇಡಿ, ಇಳಿದರೆ ಮಾತು ಮುಗಿಯುವುದಿಲ್ಲ. ಮತ್ತೂ ಪೀಡಿಸಿದರೆ ಬ್ಲಾಕ್ ಪಟ್ಟಿಗೆ ಸೇರಿಸಿ. ಒಂದು ವಿಷಯ, ಕೊನೆಯ 12 ಗಂಟೆಯೊಳಗೆ ಬಂದ ಮೇಲೆ, ಬಿಡ್ ಇದ್ದರೆ, ಅದನ್ನೆಲ್ಲ ರದ್ದು ಮಾಡಿ ಹರಾಜು ಮುಚ್ಚಲು ಈಬೇ ಬಿಡುವುದೂ ಇಲ್ಲ. ಮುಂದಿನ ವಾಚಿಗೆ ನಿಮಗೆ ಒಪ್ಪುವ ಬೆಲೆ ಇದ್ದರೆ ಮೊದಲೇ ಬೈ ಇಟ್ ನೌ, ಅಂದರೆ ನಿಗದಿತ ಬೆಲೆಗೆ ತಕ್ಷಣ ಕೊಳ್ಳುವ ಆಯ್ಕೆ, ಇಟ್ಟುಬಿಡಿ. ಅವಸರ ಇದ್ದವರು ನ್ಯಾಯವಾಗಿಯೇ ತೆಗೆದುಕೊಂಡು ಹೋಗುತ್ತಾರೆ.

ಸೊಪ್ಪಿನಬೆಟ್ಟ:
ಇಬ್ಬರಿಗೂ ಅದೇ ಉತ್ತರ ಕಳಿಸಿದೆ. ಬೆಂಗಳೂರಿನವರು ಸುಮ್ಮನಾದರು. ಹೊರದೇಶದವನು ಈಗ ಬಿಡ್ ಹಾಕುತ್ತೇನೆ ಅನ್ನುತ್ತಿದ್ದಾನೆ, ಆದರೆ ಗೆದ್ದರೆ ಪಾರ್ಸೆಲ್ ಮೇಲೆ "ಉಡುಗೊರೆ, 10 ಡಾಲರ್" ಅಂತ ಬರೆಯಬೇಕಂತೆ. ಇದಕ್ಕೆ ಹೂಂ ಅನ್ನಬಹುದಾ?

ಕಾಳಿದಂಡೆ:
ಬೇಡವೇ ಬೇಡ. ಸುಂಕ ಉಳಿಯುವುದು ಅವನಿಗೆ, ಸುಳ್ಳು ಬರೆದು ಸಹಿ ಹಾಕುವವರು ನೀವು. ದಾರಿಯಲ್ಲಿ ಪಾರ್ಸೆಲ್ ಕಳೆದರೆ ನೀವೇ ಬರೆದ 10 ಡಾಲರಿನ ಲೆಕ್ಕದಲ್ಲಿ ಪರಿಹಾರ ಕೇಳಬೇಕಾಗುತ್ತದೆ. ಮಾರಿದ ಮಾಲನ್ನು ಮಾರಿದ್ದು ಅಂತಲೇ ಕಳಿಸಲು ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರ (ಅಂಚೆ ಮೂಲಕ ರಫ್ತಿನ ಕೇಂದ್ರ) ಇದೆ, ಯಾವ ಕಾಗದ ಬೇಕು ಅಂತ ನಿಮ್ಮ ಹೆಡ್ ಪೋಸ್ಟಾಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. ಅವನಿಗೆ ಇವತ್ತೇ "ಆಗುವುದಿಲ್ಲ" ಅಂತ ಬರೆದುಬಿಡಿ, ಗೆದ್ದ ಮೇಲೆ ಹೇಳಿದರೆ ದುಡ್ಡು ಕೊಡದೆ ಸತಾಯಿಸುತ್ತಾನೆ.