ಸೂಳೆಕೆರೆ ಅಂಚಿನ ಈ ಜೇಕು (ಹುಲ್ಲಿನಂಥ ಗಿಡ) ಯಾವುದು? ಹೆಸರು ಸಿಗ್ತಾ ಇಲ್ಲ

ಕೆರೆದಂಡೆ: ಚನ್ನಗಿರಿ ಹತ್ತಿರದ ಸೂಳೆಕೆರೆ ಹಿನ್ನೀರಲ್ಲಿ ಸಿಕ್ಕಿದ್ದು. ಮೂರು ದಿನದಿಂದ ಹುಡುಕಿ ಸಾಕಾಗಿದೆ. ಫೋನಿನ ಆ್ಯಪ್ ಒಮ್ಮೆ ಸೈಪರಸ್ (ಜೇಕಿನ ಒಂದು ಗುಂಪು) ಅನ್ನುತ್ತೆ, ಇನ್ನೊಮ್ಮೆ ಬರೀ ಹುಲ್ಲು ಅನ್ನುತ್ತೆ. ಈ ಕಡೆ ನಾನು ನೋಡೇ ಇಲ್ಲ, ಅಪರೂಪದ್ದೇ ಇರಬೇಕು. ಫೋಟೋ ಹಾಕಿದ್ದೇನೆ.

ಗದ್ದೆಬದು: ಕೊನ್ನಾರಿ ಗಡ್ಡೆ ಸರ್. ನಮ್ಮ ಗದ್ದೆಯಲ್ಲಿ ಕಿತ್ತಷ್ಟೂ ಬರುತ್ತೆ. ಬುಡ ಅಗೆದು ನೋಡಿ.

ಕೆರೆದಂಡೆ: ಅಲ್ಲ. ಕೊನ್ನಾರಿ ನನಗೆ ಗೊತ್ತು.

ದುರ್ಗದಕಲ್ಲು: ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ. ಜೇಕಾದರೆ ಮೂರು ಮೂಲೆ ಕೈಗೆ ತಾಗುತ್ತೆ.

ಕೆರೆದಂಡೆ: ಸಲೀಸಾಗಿ ಉರುಳುತ್ತೆ. ಗುಂಡಗಿದೆ.

ದುರ್ಗದಕಲ್ಲು: ಹಾಗಾದ್ರೆ ಜೇಕೇ ಅಲ್ಲ, ಹುಲ್ಲು.

ಗದ್ದೆಬದು: ಎಳೆಯದರಲ್ಲಿ ಮೂಲೆ ಗೊತ್ತಾಗಲ್ಲ. ಗಡ್ಡೆ ಅಗೆದ್ರಾ?

ಹರಿದ್ರಾ: ಸ್ವಲ್ಪ ತಾಳಿ. ಎಲೆ ಹೇಗಿದೆ? ಗೆಣ್ಣು ಇದೆಯಾ?

ಕೆರೆದಂಡೆ: ಎಲೆ ಇಲ್ವೇ ಇಲ್ಲ, ಫೋಟೋದಲ್ಲಿ ಕಾಣುತ್ತಲ್ವಾ! ಗೆಣ್ಣೂ ಇಲ್ಲ. ಹಸಿರು ಕಡ್ಡಿ, ತುದಿಯಲ್ಲಿ ಒಂದೇ ಒಂದು ಪುಟ್ಟ ತೆನೆ.

ಹರಿದ್ರಾ: ಇದನ್ನೇ ಮೊದಲು ಹೇಳಬೇಕಿತ್ತು. ಇದು ಎಲಿಯೊಕ್ಯಾರಿಸ್. ಜೇಕಿನ ಕುಟುಂಬದ್ದೇ, ಆದರೆ ಕಾಂಡ ಹೆಚ್ಚಾಗಿ ಗುಂಡಗೇ ಇರುತ್ತೆ. ಎಲೆ ಅನ್ನೋದು ಬುಡದಲ್ಲಿ ತೆಳು ಪೊರೆಯಾಗಿ ಉಳಿದಿರುತ್ತೆ, ಎಲೆಯ ಕೆಲಸವನ್ನೂ ಕಡ್ಡಿಯೇ ಮಾಡುತ್ತೆ. ಒಂದು ಕಡ್ಡಿ ಉದ್ದಕ್ಕೆ ಸೀಳಿ ನೋಡಿ. ಒಳಗೆ ಸಾಲಾಗಿ ಅಡ್ಡಗೋಡೆ ಇದ್ದರೆ ಎಲಿಯೊಕ್ಯಾರಿಸ್ ಡಲ್ಸಿಸ್ ಇರಬಹುದು. ಅದು ಅಪರೂಪ ಏನಲ್ಲ, ಚೀನಾದಲ್ಲಿ ತಿನ್ನೋ ಗಡ್ಡೆಗೆ ಬೆಳೆಸ್ತಾರೆ.

ಹಳೇಬೇರು: ಸೂಳೆಕೆರೆ ಅಂತ ಯಾಕೆ ಬರೀತೀರಿ? ಶಾಂತಿಸಾಗರ ಅನ್ನಿ.

ಗದ್ದೆಬದು: ಚನ್ನಗಿರಿ ಕಡೆ ನಾವು ಹುಟ್ಟಿದಾಗಿಂದ ಅನ್ನೋದು ಸೂಳೆಕೆರೆ ಅಂತಲೇ.

ಹಳೇಬೇರು: ಬೋರ್ಡಲ್ಲಿ ಏನಿದೆ ನೋಡಿ.

ದುರ್ಗದಕಲ್ಲು: ಗುಂಡನೆಯ ಜೇಕು ಇರೋದು ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ತೆನೆಯನ್ನು ಹತ್ತಿರದಿಂದ ನೋಡೋಕೆ ಬೇಕಾದ್ರೆ ನನ್ನ ಹತ್ರ ಹಳೇ 50 ಎಂಎಂ ಲೆನ್ಸ್ ಇದೆ. ಕ್ಯಾಮೆರಾಗೆ ಹಿಂದುಮುಂದು ತಿರುಗಿಸಿ ಹಾಕಿದರೆ ರಾಗಿಕಾಳು ಗೋಲಿಯಷ್ಟು ಕಾಣುತ್ತೆ. ಜೋಗಿಮಟ್ಟಿಯಲ್ಲಿ ಅದರಲ್ಲೇ ಹೂವಿನ ಫೋಟೋ ತೆಗೆದೆ, ಬೆಳಕಿಗೆ ಎಲ್‌ಇಡಿ ರಿಂಗ್ ಸಾಕು.

ಕೆರೆದಂಡೆ: ಸೀಳಿದೆ. ಅಡ್ಡಗೋಡೆ ಇಲ್ಲ, ಒಳಗೆಲ್ಲಾ ಸ್ಪಂಜು.

ಹರಿದ್ರಾ: ಹಾಗಾದ್ರೆ ಡಲ್ಸಿಸ್ ಅಲ್ಲ. ಇನ್ನು ಬಲಿತ ಬೀಜ ಬೇಕು. ತೆನೆಯನ್ನು ಬಿಳಿ ಕಾಗದದ ಮೇಲೆ ಉಜ್ಜಿ. ಬೀಜದ ನೆತ್ತಿಯಲ್ಲಿ ಟೋಪಿ ಇಟ್ಟಂಗೆ ಒಂದು ತುಣುಕು ಅಂಟಿಕೊಂಡಿರುತ್ತೆ. ಟೋಪಿ ಚೂಪೋ ಮೊಂಡೋ, ಬೀಜ ಮೂರು ಮೂಲೆಯೋ ಚಪ್ಪಟೆಯೋ, ಬುಡದಲ್ಲಿ ಬಿರುಗೂದಲು ಎಷ್ಟು, ಇಷ್ಟು ನೋಡದೆ ಹೆಸರು ಹೇಳೋಕಾಗಲ್ಲ. ಗಿಡ ಕೀಳಬೇಡಿ, ಎರಡು ತೆನೆ ಸಾಕು. ನೀರು ಎಷ್ಟಿತ್ತು, ಕೆಸರೋ ಮರಳೋ, ಅದನ್ನೂ ಬರೆದಿಡಿ.

ಕೆರೆದಂಡೆ: ಇವತ್ತು ಬೆಳಿಗ್ಗೆ ಹೋಗಿದ್ದೆ. ಪಾದ ಮುಳುಗುವಷ್ಟು ನೀರು, ಕಪ್ಪು ಕೆಸರು, ಸುತ್ತ ಆಪು ಹುಲ್ಲು. ತೆನೆ ಉಜ್ಜಿದರೆ ಬರೀ ಹಸಿರು ಹೊಟ್ಟು, ಕಾಳು ಕಟ್ಟಿಲ್ಲ. ಅರ್ಧ ಕಡ್ಡಿಗಳನ್ನು ಎಮ್ಮೆ ಮೇಯ್ದಿವೆ. ಉಳಿದದ್ದರ ಪಕ್ಕ ಒಂದು ಜಾಲಿ ಗೂಟ ನೆಟ್ಟು ಬಂದಿದ್ದೇನೆ. ಭಾನುವಾರ ಮತ್ತೆ ಹೋಗ್ತೀನಿ.