ಮಳೆಗಾಲಕ್ಕೆ ಸೋಡಿಯಂ-ಅಯಾನ್ ಬ್ಯಾಟರಿ: ಹಳೇ 12 ವೋಲ್ಟ್ ಇನ್ವರ್ಟರಿಗೆ ಹೊಂದುತ್ತಾ?

ಕರಿಮೆಣಸು (ಪ್ರಶ್ನೆ)

ಭಾಗಮಂಡಲದ ಕಡೆ ತೋಟದ ಮನೆ. 12 ವೋಲ್ಟ್ ಇನ್ವರ್ಟರ್, 150 ಎಎಚ್ ಟ್ಯೂಬುಲರ್ (ಲೆಡ್-ಆಸಿಡ್) ಬ್ಯಾಟರಿ, ಚಾವಣಿ ಮೇಲೆ 400 ವ್ಯಾಟ್ ಸೋಲಾರ್. ಲೋಡ್ ಅಂದರೆ ಎಲ್‌ಇಡಿ ಬಲ್ಬು, ರೂಟರ್, ಟಿವಿ. ಒಟ್ಟು 120 ವ್ಯಾಟ್, ರಾತ್ರಿ ಐದು ಗಂಟೆ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು) ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟ್ ಮರೆತುಬಿಡಬೇಕು. ಟ್ಯೂಬುಲರ್ ಮೂರನೇ ವರ್ಷಕ್ಕೇ ಸೋತಿದೆ. 3.1 ವೋಲ್ಟ್, 75 ಎಎಚ್ ಸೋಡಿಯಂ-ಅಯಾನ್ ಸೆಲ್‌ಗಳು ಸಿಗುತ್ತಿವೆ. ನಾಲ್ಕನ್ನು ಸೀರೀಸ್ ಮಾಡಿದರೆ ಇದೇ ಇನ್ವರ್ಟರ್ ಸಾಕಾ? ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಬಿಟ್ಟು ಸೋಡಿಯಂಗೆ ಹೋಗಲು ಕಾರಣ ಇದೆಯಾ? ನಿಕಲ್-ಕಬ್ಬಿಣದ ಬ್ಯಾಟರಿ ಮೂವತ್ತು ವರ್ಷ ಬಾಳುತ್ತೆ ಅಂತಾರೆ, ಅದು ಹೇಗೆ?

ಓಮ್‌ನಿಯಮ

ಮೊದಲು ವೋಲ್ಟೇಜ್ ನೋಡಿ, ಎಲ್ಲ ತೊಡಕೂ ಅಲ್ಲೇ ಇರುವುದು. ಲೇಯರ್ಡ್ ಆಕ್ಸೈಡ್ ಮಾದರಿಯ (ಧನ ಬದಿಯಲ್ಲಿ ಪದರ ಪದರವಾದ ಲೋಹದ ಆಕ್ಸೈಡ್ ಇರುವ) ಸೋಡಿಯಂ ಸೆಲ್ ತುಂಬಿದಾಗ 3.95 ವೋಲ್ಟ್, ಬರಿದಾದಾಗ 2.0. ಕೆಲವದರಲ್ಲಿ 1.5ರ ತನಕವೂ ಇಳಿಸಬಹುದು. ನಾಲ್ಕು ಸೇರಿದರೆ 15.8ರಿಂದ 8 ವೋಲ್ಟ್. ಲೆಡ್-ಆಸಿಡ್‌ಗೆಂದು ಮಾಡಿದ ಇನ್ವರ್ಟರ್ 14.4ಕ್ಕೆ ಚಾರ್ಜ್ ನಿಲ್ಲಿಸುತ್ತದೆ, 10.8ರ ಆಸುಪಾಸಿನಲ್ಲಿ ಕಟ್ ಮಾಡುತ್ತದೆ. ಅಂದರೆ ಸೆಲ್ಲೊಂದಕ್ಕೆ 3.6ರಿಂದ 2.7ರ ಕಿಟಕಿ ಮಾತ್ರ ನಿಮ್ಮದು. ಮೇಲೂ ಕೆಳಗೂ ಉಳಿದದ್ದು ಕೈಗೆ ಸಿಗುವುದಿಲ್ಲ. ನಿಖರ ಪ್ರಮಾಣ ಸೆಲ್ಲಿನ ಡಿಸ್ಚಾರ್ಜ್ ಗ್ರಾಫ್‌ನಲ್ಲಿ ಇರುತ್ತದೆ. ಗ್ರಾಫ್ ಕೊಡದವರ ಹತ್ತಿರ ಸೆಲ್ ಕೊಳ್ಳಲೇಬೇಡಿ. ಸದ್ಯದ ಲೆಕ್ಕಕ್ಕೆ ಕಾಲು ಭಾಗ ಬಿಟ್ಟುಬಿಡಿ.

ರಾತ್ರಿಗೆ 600 ವ್ಯಾಟ್-ಅವರ್, ಇನ್ವರ್ಟರ್ ನಷ್ಟ ಸೇರಿ 700. ಎರಡು ರಾತ್ರಿಗೆ 1400. ನಾಲ್ಕು ಸೆಲ್ಲಿನಲ್ಲಿ ಇರುವುದೇ 930, ಅದು ಸಾಲದು. ಎಂಟು ಸೆಲ್ ಬೇಕು: ಎರಡೆರಡನ್ನು ಪ್ಯಾರಲಲ್ ಕಟ್ಟಿ, ಆ ನಾಲ್ಕು ಜೋಡಿಗಳನ್ನು ಸೀರೀಸ್ ಮಾಡಿ. 1860 ವ್ಯಾಟ್-ಅವರ್ ಆಯಿತು, ಕಾಲು ಭಾಗ ಕಳೆದರೆ ಸುಮಾರು 1400. ಐದು ಸೀರೀಸ್ ಮಾಡಿದರೆ ವೋಲ್ಟೇಜ್ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 14.4ನ್ನು ಐದರಿಂದ ಭಾಗಿಸಿದರೆ 2.88, ಸೆಲ್ ಅರ್ಧವೂ ತುಂಬುವುದಿಲ್ಲ.

ಇನ್ನೊಂದು, ಎಲ್ಲರೂ ಮರೆಯುವುದು: ಇನ್ವರ್ಟರ್ ಸುಮ್ಮನೆ ಆನ್ ಇದ್ದರೂ 10 ವ್ಯಾಟ್ ತಿನ್ನುತ್ತದೆ. ದಿನಕ್ಕೆ 240 ವ್ಯಾಟ್-ಅವರ್! ಕರೆಂಟಿಲ್ಲದ ದಿನ ಹಗಲು ಅದನ್ನು ಆಫ್ ಮಾಡಿ, ರೂಟರನ್ನು 12 ವೋಲ್ಟಿನ ಬಕ್-ಬೂಸ್ಟ್ ಕನ್ವರ್ಟರ್ (ವೋಲ್ಟೇಜನ್ನು ಇಳಿಸಲೂ ಏರಿಸಲೂ ಬಲ್ಲದ್ದು) ಮೂಲಕ ನೇರ ಬ್ಯಾಟರಿಗೆ ಕೊಡಿ. ಬರೀ ಇಳಿಸುವ ಬಕ್ ಸಾಲದು, ಬ್ಯಾಟರಿ 12ಕ್ಕಿಂತ ಕೆಳಗೆ ಇಳಿಯುತ್ತದಲ್ಲ.

ಹಾರಂಗಿ_ಹಿನ್ನೀರು

ಟ್ಯೂಬುಲರ್ ಸೋತದ್ದು ಏಕೆ ಎನ್ನುವುದರಲ್ಲೇ ಎರಡನೇ ಪ್ರಶ್ನೆಗೆ ಉತ್ತರ ಇದೆ. ಜುಲೈ ಮಂಜಿನಲ್ಲಿ 400 ವ್ಯಾಟ್ ಪ್ಯಾನಲಿನಿಂದ ದಿನಕ್ಕೆ 400 ವ್ಯಾಟ್-ಅವರ್ ಬಂತು ಅಂತಿಟ್ಟುಕೊಳ್ಳಿ. ಖರ್ಚು 700. ಬ್ಯಾಟರಿ ವಾರಗಟ್ಟಲೆ ಪೂರ್ತಿ ತುಂಬುವುದೇ ಇಲ್ಲ. ಲೆಡ್-ಆಸಿಡ್ ಹಾಗೆ ಅರೆಹೊಟ್ಟೆಯಲ್ಲಿ ಕೂತರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಎಲ್‌ಎಫ್‌ಪಿಗೂ ಸೋಡಿಯಂಗೂ ಈ ಕಾಯಿಲೆ ಇಲ್ಲ. ಅರ್ಧ ತುಂಬಿದ ಸ್ಥಿತಿಯೇ ಅವಕ್ಕೆ ಹಿತ.

ಹಾಗಾದರೆ ಎರಡರಲ್ಲಿ ಯಾವುದು? ಸೋಡಿಯಂ ಜಾಹೀರಾತಿನಲ್ಲಿ ಎದ್ದು ಕಾಣುವುದು ಮೈನಸ್ 20 ಡಿಗ್ರಿಯಲ್ಲೂ ಕೆಲಸ ಮಾಡುತ್ತೆ ಅನ್ನುವುದು. ಕೊಡಗಿನ ಚಳಿಗೆ ಅದರಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಎಲ್‌ಎಫ್‌ಪಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಬಾರದು ಅಷ್ಟೆ, ನಮ್ಮಲ್ಲಿ ಜನವರಿ ಬೆಳಿಗ್ಗೆಯೂ ಮನೆಯೊಳಗೆ ಅಷ್ಟು ಇಳಿಯುವುದಿಲ್ಲ. ಸೋಡಿಯಂಗೆ ನಿಜವಾಗಿ ಇರುವ ಅನುಕೂಲ ಬೇರೆ. ಅದರ ಎರಡೂ ಕಡೆ ಅಲ್ಯೂಮಿನಿಯಂ ಹಾಳೆ ಇರುತ್ತದೆ. ಲಿಥಿಯಂ ಸೆಲ್ಲಿನ ಋಣ ಬದಿಯಲ್ಲಿರುವುದು ತಾಮ್ರ, ತೀರಾ ಬರಿದಾದರೆ ಅದು ಕರಗಿ ಸೆಲ್ ಕೆಡುತ್ತದೆ. ಬಾಗಿಲು ಹಾಕಿಕೊಂಡು ಎರಡು ತಿಂಗಳು ಊರಿಗೆ ಹೋದ ಮನೆಯಲ್ಲಿ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಸೋಡಿಯಂ ಎದ್ದು ಕೂರುವ ಸಾಧ್ಯತೆ ಹೆಚ್ಚು. ದಿನವೂ ಜನ ಇರುವ ಮನೆಗೆ ಎಲ್‌ಎಫ್‌ಪಿಯೇ ಸಾಕು ಅಂತ ನನ್ನ ಮತ.

ನಿಕಲ್-ಕಬ್ಬಿಣ ಬೇಡ. ಬಾಳಿಕೆ ನಿಜ, ಆದರೆ ಹಾಕಿದ ನೂರರಲ್ಲಿ ವಾಪಸ್ ಬರುವುದು 60-65. ಮಳೆಗಾಲದ 400ರಲ್ಲಿ 140-160 ಹೈಡ್ರೋಜನ್ನಾಗಿ, ಬಿಸಿಯಾಗಿ ಹೋಯಿತು. 12 ವೋಲ್ಟಿಗೆ ಬೇಕಾಗುವ ಹತ್ತು ಸೆಲ್ ತುಂಬಿಸಲು 16.5 ವೋಲ್ಟ್ ಬೇಕು, ನಿಮ್ಮ ಚಾರ್ಜರ್ ಕೊಡುವುದಿಲ್ಲ. ಅದರೊಳಗಿನ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇರೆ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆಗುತ್ತಾ ಹೋಗುತ್ತದೆ.

ಕರಿಮೆಣಸು

ತಿಂಗಳುಗಟ್ಟಲೆ ಬೀಗ ಹಾಕುವ ಮನೆಯೇ ಇದು, ಹಾಗಾಗಿ ಸೋಡಿಯಂ. ನಾಲ್ಕು ಸೆಲ್ಲಿನ ಎಲ್‌ಎಫ್‌ಪಿ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡು) ಒಂದು ಕೈಯಲ್ಲಿದೆ. ಅದನ್ನೇ ಹಾಕಬಹುದಾ?

ಬಸ್‌ಬಾರ್

ವಿಚಿತ್ರ ಅನಿಸಬಹುದು, ಹಾಕಬಹುದು. ಅದು 3.65ಕ್ಕೆ ಚಾರ್ಜ್ ತಡೆಯುತ್ತದೆ, 2.5ರ ಹತ್ತಿರ ಡಿಸ್ಚಾರ್ಜ್ ತಡೆಯುತ್ತದೆ. ನಿಮ್ಮ ಇನ್ವರ್ಟರಿನ ಕಿಟಕಿ ಹೇಗೂ 2.7ರಿಂದ 3.6, ಅದರೊಳಗೇ ಬರುತ್ತದೆ. ಆದರೆ ಶೇಕಡಾವಾರು ತೋರಿಸುವ ಮೀಟರ್ ಇದ್ದರೆ ನಂಬಬೇಡಿ, ಅದು ಎಲ್‌ಎಫ್‌ಪಿಯ ಲೆಕ್ಕ. ಇನ್ವರ್ಟರಿನಲ್ಲಿ ಈಕ್ವಲೈಸ್ (ಲೆಡ್-ಆಸಿಡ್‌ಗೆ ಆಗಾಗ ಕೊಡುವ ಹೆಚ್ಚು ವೋಲ್ಟಿನ ಚಾರ್ಜ್) ಇದ್ದರೆ ಆಫ್ ಮಾಡಿ. 15.5 ವೋಲ್ಟ್ ಅಂದರೆ ಸೆಲ್ಲಿಗೆ 3.88, ಸೋಡಿಯಂ ತಡೆದುಕೊಂಡರೂ ಈ ಬಿಎಂಎಸ್ ಟ್ರಿಪ್ ಆಗುತ್ತದೆ. ಮುಂದೆ ಪೂರ್ತಿ ಸಾಮರ್ಥ್ಯ ಬೇಕೆನಿಸಿದರೆ 3.95 ಮತ್ತು 2.0 ಹಾಕಬಲ್ಲ ಪ್ರೋಗ್ರಾಮಬಲ್ ಬಿಎಂಎಸ್, ಜೊತೆಗೆ 8 ವೋಲ್ಟಿನ ತನಕ ನಡೆಯುವ ಇನ್ವರ್ಟರ್ ಬೇಕು. ಆಗ ಕೇಬಲ್ ಕೂಡ ಬದಲಿಸಿ: 600 ವ್ಯಾಟ್ ಎಳೆದರೆ 12.4ರಲ್ಲಿ 48 ಆಂಪ್, 8 ವೋಲ್ಟಿನಲ್ಲಿ 75.

ಜೋಡಿಸುವಾಗ ಹೆಚ್ಚಿನವರು ಎಡವುವುದು ಪ್ಯಾರಲಲ್ ಮಾಡುವಲ್ಲಿ. ಸೋಡಿಯಂ ಗ್ರಾಫ್ ಇಳಿಜಾರು, 0.1 ವೋಲ್ಟ್ ವ್ಯತ್ಯಾಸವೂ ದೊಡ್ಡದೇ. ಎಂಟೂ ಸೆಲ್ಲನ್ನು ಬೇರೆಬೇರೆಯಾಗಿ 3.10ಕ್ಕೆ ತಂದು, ಒಂದು ಗಂಟೆ ಬಿಟ್ಟು ಮತ್ತೆ ಅಳೆದು, 0.02ರೊಳಗೆ ಇದ್ದರೆ ಮಾತ್ರ ಸೇರಿಸಿ. ಸೋಡಿಯಂ ಸೆಲ್ ಸೊನ್ನೆ ವೋಲ್ಟನ್ನೂ ತಡೆದುಕೊಳ್ಳುತ್ತೆ ಅಂತ ಬಿಎಂಎಸ್ ಹಾಕದೆ ಬಿಡಬೇಡಿ. ಸೀರೀಸಿನಲ್ಲಿ ಬಡವಾದ ಸೆಲ್ ಸೊನ್ನೆ ದಾಟಿ ಉಲ್ಟಾ ಹೋದರೆ ಮುಗಿಯಿತು. ಪಾಸಿಟಿವ್‌ಗೆ 100 ಆಂಪ್ ಫ್ಯೂಸ್, ಬ್ಯಾಟರಿ ಬಾಯಿಗೆ ಹತ್ತಿರ. ಉಪ್ಪಿನ ಬ್ಯಾಟರಿಗೆ ಬೆಂಕಿ ಹತ್ತಲ್ಲ ಅನ್ನುವ ಮಾತೂ ಸುಳ್ಳು. ಒಳಗಿರುವುದು ಲಿಥಿಯಂ ಸೆಲ್ಲಿನಲ್ಲಿರುವಂಥದ್ದೇ ಉರಿಯುವ ದ್ರಾವಕ.

ಆಮೇಲೆ ತೇವ. ಅಲ್ಯೂಮಿನಿಯಂ ಟರ್ಮಿನಲ್ ಮೇಲೆ ಬರಿ ತಾಮ್ರದ ಪಟ್ಟಿ ಕೂರಿಸಿದರೆ ಒಂದೇ ಮಳೆಗಾಲಕ್ಕೆ ಬಿಳಿ ಪುಡಿ ಹಿಡಿದು ಜಾಯಿಂಟ್ ಬಿಸಿಯಾಗುತ್ತದೆ. ನಿಕಲ್ ಲೇಪಿತ ಪಟ್ಟಿ ತನ್ನಿ, ಕೂರಿಸುವ ಮುಂಚೆ ಉಜ್ಜಿ, ಆಕ್ಸೈಡ್ ತಡೆಯುವ ಗ್ರೀಸ್ ತೆಳ್ಳಗೆ ಹಚ್ಚಿ. ಹಲ್ಲಿ, ಇರುವೆ ಬಿಎಂಎಸ್ ಬೋರ್ಡಿನ ಬಿಸಿಗೆ ಬಂದು ಕೂರುತ್ತವೆ, ಬೋರ್ಡಿಗೆ ಮುಚ್ಚಿದ ಡಬ್ಬಿ ಇರಲಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಹೊತ್ತಿನ ಗುಡುಗಿಗೆ ಪ್ಯಾನಲ್ ಲೈನಿಗೊಂದು ಡಿಸಿ ಸರ್ಜ್ ಪ್ರೊಟೆಕ್ಟರ್.

ಚೆರಿಹೊಟ್ಟು

ವಿಷಯ ಸ್ವಲ್ಪ ಆಚೆ: ಈ ಸೆಲ್ಲಿನ ಆನೋಡ್ (ಋಣ ಬದಿ) ಹಾರ್ಡ್ ಕಾರ್ಬನ್ ಅನ್ನುವ ಗಟ್ಟಿ ಇಂಗಾಲ, ಅದನ್ನು ತೆಂಗಿನ ಚಿಪ್ಪಿನಿಂದಲೂ ಮಾಡುತ್ತಾರೆ. ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ತೆಗೆದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ರಾಶಿ ಬೀಳುವ ಕಾಫಿ ಹೊಟ್ಟಿನಿಂದ ಆಗುವುದಿಲ್ಲವೇ?

ಓಮ್‌ನಿಯಮ

ಆಗುತ್ತದೆ, ಆದರೆ ಯಾವ ಹೊಟ್ಟು ಅನ್ನುವುದು ಮುಖ್ಯ. ಚೆರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) ಹೊಟ್ಟಿನಲ್ಲಿ ಒಣಗಿದ ತಿರುಳೂ ಇರುತ್ತದೆ, ಪೊಟ್ಯಾಸಿಯಂ ವಿಪರೀತ. ಕಾಯಿಸುವಾಗ ಅದು ಇಂಗಾಲವನ್ನು ಕೊರೆದು ತೆರೆದ ರಂಧ್ರ ಮಾಡುತ್ತದೆ, ಮೊದಲ ಚಾರ್ಜಿನಲ್ಲೇ ಸೋಡಿಯಂ ಅಲ್ಲಿ ಪೊರೆಗಟ್ಟಿ ವ್ಯರ್ಥವಾಗುತ್ತದೆ. ಪಾರ್ಚ್‌ಮೆಂಟ್ ಹೊಟ್ಟಿನಲ್ಲಿ (ಬೀಜಕ್ಕೆ ಅಂಟಿದ ಒಳಸಿಪ್ಪೆ) ಬೂದಿ ಕಡಿಮೆ, ಅದೇ ಸರಿ. ನೈಟ್ರೋಜನ್ನಿನಲ್ಲಿ 500-600 ಡಿಗ್ರಿಗೆ ಕರಿ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆದು, ಆರ್ಗಾನಿನಲ್ಲಿ 1200-1400 ಡಿಗ್ರಿ. ಡ್ರಮ್ಮಿನಲ್ಲಿ ಸುಟ್ಟ ಇದ್ದಿಲು ಗೊಬ್ಬರಕ್ಕೆ ಸರಿ, ಇದಕ್ಕಲ್ಲ. ಬೆಂಗಳೂರಿನ ಜೆಎನ್‌ಸಿಎಎಸ್‌ಆರ್ (ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ) ನವರು 2025ರಲ್ಲಿ ಪ್ರಕಟಿಸಿದ, ಆರು ನಿಮಿಷದಲ್ಲಿ 80% ತುಂಬುವ ಸೋಡಿಯಂ ಸೆಲ್ಲಿನದು ಬೇರೆಯೇ ದಾರಿ, ಅದರ ಆನೋಡ್ ಇಂಗಾಲವಲ್ಲ, ನಾಸಿಕಾನ್ ಜಾತಿಯ (ಸೋಡಿಯಂ ಸುಲಭವಾಗಿ ಓಡಾಡುವ ಹರಳು ರಚನೆಯ) ಫಾಸ್ಫೇಟ್.

ಫರ್ನೇಸ್ ಹುಡುಕುವ ಮುಂಚೆ 10 ಗ್ರಾಂ ಒಣ ಹೊಟ್ಟನ್ನು ಕ್ರೂಸಿಬಲ್‌ನಲ್ಲಿ (ಬಿಸಿ ತಡೆಯುವ ಬಟ್ಟಲು) 600 ಡಿಗ್ರಿಗೆ ಪೂರ್ತಿ ಸುಟ್ಟು ಬೂದಿ ತೂಗಿ. 0.1 ಗ್ರಾಂ ಆಸುಪಾಸಿದ್ದರೆ ಮುಂದುವರಿಯಿರಿ. ಅರ್ಧ ಗ್ರಾಂ ಬಂದರೆ ಅದನ್ನು ಡ್ರೈಯರ್ ಒಲೆಗೇ ಹಾಕಿ.